ಎರಡು ಮಂಡಿಗಳ ನಡುವಿನ ದ್ವೀಪ

2018ರ ಮಾರ್ಚ್ ತಿಂಗಳ ಒಂದು ಸಂಜೆ, ತೀರ್ಥಹಳ್ಳಿ ತಾಲ್ಲೂಕಿನ ನಮ್ಮ ಮನೆಯ ಕಣದಲ್ಲಿ ಒಣಗುತ್ತಿದ್ದ ಕಾಳುಮೆಣಸನ್ನು ಗೋರಿ ರಾಶಿ ಮಾಡುತ್ತಿದ್ದಾಗ, ಪ್ರತಿ ವರ್ಷ ಬರುವ ಖರೀದಿದಾರರು ಬಂದರು. ಒಂದು ಹಿಡಿ ಕಾಳನ್ನು ಅಂಗೈಯಲ್ಲಿ ಉಜ್ಜಿ, ಎರಡನ್ನು ಬಾಯಿಗೆ ಹಾಕಿಕೊಂಡು ಕಟುಂ ಎನ್ನಿಸಿ, ಒಣಗಿದ್ದು ಸರಿಯಾಗಿದೆ ಎಂದು ಒಪ್ಪಿದ ಮೇಲೆ ಅವರು ಹೇಳಿದ ದರ ಕಿಲೋಗೆ ನಾನೂರರ ಆಸುಪಾಸಿನಲ್ಲಿತ್ತು. ಎರಡು ವರ್ಷಗಳ ಹಿಂದೆ ಇದೇ ಕಣದಲ್ಲಿ ಇದೇ ಮೆಣಸು ಏಳುನೂರರ ಹತ್ತಿರ ಹೋಗಿತ್ತು. ಕಾರಣ ಕೇಳಿದ್ದಕ್ಕೆ ಅವರು ತೆಂಕಣ ದಿಕ್ಕಿಗೆ ಕೈ ತೋರಿಸಿ, "ಎಲ್ಲ ಶ್ರೀಲಂಕಾದ ಮಾಲು ಸ್ವಾಮಿ" ಎಂದರು. ನಾನು ಆ ದೇಶದ ಬಗ್ಗೆ ಗಮನವಿಟ್ಟು ಓದಲು ತೊಡಗಿದ್ದು ಅಂದಿನಿಂದ. ಅಂತರರಾಷ್ಟ್ರೀಯ ರಾಜಕಾರಣದ ಮೇಲಿನ ಪ್ರೀತಿಯಿಂದಲ್ಲ, ಮೆಣಸಿನ ದರದ ಮೇಲಿನ ಸಿಟ್ಟಿನಿಂದ.

ಸಂಗತಿ ಹೀಗಿತ್ತು. ಭಾರತ ಮತ್ತು ಶ್ರೀಲಂಕಾ 1998ರ ಡಿಸೆಂಬರಿನಲ್ಲಿ ಸಹಿ ಹಾಕಿ 2000ದ ಮಾರ್ಚ್‌ನಿಂದ ಜಾರಿಗೆ ತಂದ ಮುಕ್ತ ವ್ಯಾಪಾರ ಒಪ್ಪಂದದಂತೆ ಆ ದ್ವೀಪದ ಮೆಣಸಿಗೆ ವರ್ಷಕ್ಕೆ 2,500 ಟನ್ನಿನವರೆಗೆ ಸುಂಕವಿರಲಿಲ್ಲ. ವಿಯೆಟ್ನಾಂನಿಂದ ನೇರವಾಗಿ ತರಿಸಿದರೆ ಐವತ್ತು ಶೇಕಡಾ ಮೀರಿದ ಸುಂಕ ಕಟ್ಟಬೇಕಿತ್ತು. ಆದ್ದರಿಂದ ವಿಯೆಟ್ನಾಂನ ಅಗ್ಗದ ಮೆಣಸು ಕೊಲಂಬೊದಲ್ಲಿ ಎಲ್ಲಿ ಬೆಳೆದದ್ದೆಂಬ ಪ್ರಮಾಣಪತ್ರ ಬದಲಿಸಿಕೊಂಡು ಇಲ್ಲಿಗೆ ಇಳಿಯುತ್ತಿದೆ ಎಂಬುದು ಬೆಳೆಗಾರರ ದೂರು. ಕೇಂದ್ರ ಸರ್ಕಾರ 2017ರ ಡಿಸೆಂಬರಿನಲ್ಲಿ ಕಿಲೋಗೆ 500 ರೂಪಾಯಿಯ ಕನಿಷ್ಠ ಆಮದು ಬೆಲೆಯನ್ನು ನಿಗದಿ ಮಾಡಿತು. ನಮ್ಮ ಕಣದಲ್ಲಿ ಈ ಮಾತುಕತೆ ನಡೆದ ಅದೇ ತಿಂಗಳು, ಅದಕ್ಕಿಂತ ಕಡಿಮೆ ಬೆಲೆಯ ಆಮದನ್ನು ನಿಷೇಧಿಸಿತು. ಅಡಿಕೆಗೂ ಅದೇ ಬಗೆಯ ಕನಿಷ್ಠ ಬೆಲೆ ಬಂದು, 2023ರಲ್ಲಿ ಅದು 251ರಿಂದ 351 ರೂಪಾಯಿಗೆ ಏರಿತು.

ನಮ್ಮ ಕಡೆ ಮದುವೆಮನೆಯ ಚಪ್ಪರದಲ್ಲೋ ಸೊಸೈಟಿಯ ಜಗಲಿಯಲ್ಲೋ ಶ್ರೀಲಂಕಾದ ಮಾತು ಬಂದರೆ ತೀರ್ಮಾನ ಬೇಗ ಆಗಿಬಿಡುತ್ತದೆ: ಚೀನಾದಿಂದ ಸಾಲ ತಂದರು, ತೀರಿಸಲಾಗಲಿಲ್ಲ, ಬಂದರು ಬರೆದುಕೊಟ್ಟರು, ಮುಗಿಯಿತು. ನನಗೆ ಈ ಕತೆ ಪೂರ್ತಿ ಒಪ್ಪಿಗೆಯಾಗುವುದಿಲ್ಲ. ಅದು ಸುಳ್ಳೆಂದಲ್ಲ, ಆ ದೇಶವನ್ನು ಬುದ್ಧಿಯಿಲ್ಲದ ಸಾಲಗಾರನಂತೆ ನೋಡುವುದರಿಂದ, ಎಪ್ಪತ್ತು ವರ್ಷಗಳಿಂದ ಅದು ದೊಡ್ಡವರ ಜೊತೆ ನಡೆಸಿಕೊಂಡು ಬಂದಿರುವ ಚೌಕಾಸಿಯೇ ಕಣ್ಣಿಗೆ ಬೀಳುವುದಿಲ್ಲ.

ಈ ಚೌಕಾಸಿ ನನಗೆ ಅರ್ಥವಾದದ್ದು ನಮ್ಮ ಅಪ್ಪಯ್ಯನಿಂದ. ಅಕ್ಕನ ಮದುವೆಯ ವರ್ಷ ಅವರು ಶಿವಮೊಗ್ಗದ ಒಂದು ಅಡಿಕೆ ಮಂಡಿಯಿಂದ ಮುಂಗಡ ತಂದಿದ್ದರು. ಮುಂಗಡ ತಂದವನು ಆ ವರ್ಷದ ಅಡಿಕೆಯನ್ನು ಅದೇ ಮಂಡಿಗೆ ಹಾಕಬೇಕೆಂಬುದು ಕಾಗದದಲ್ಲಿ ಬರೆಯದ ಕರಾರು. ದರ ಏರುವ ಸೂಚನೆ ಇದ್ದರೂ ಕಾಯುವ ಹಾಗಿರಲಿಲ್ಲ. ಸಾಹುಕಾರರು ಹೇಳಿದ ದಿನ ‘ರಾಶಿ ಇಡಿ’ ದರ್ಜೆಯ ಅಡಿಕೆಯ ಮೂಟೆಗಳು ಟೆಂಡರಿಗೆ ಇಳಿದವು, ಎರಡು ವಾರದಲ್ಲಿ ದರ ಮೇಲೆ ಹೋಯಿತು. ಅಂದಿನಿಂದ ಅಪ್ಪಯ್ಯ ಎರಡು ಮಂಡಿಗಳಲ್ಲಿ ಲೆಕ್ಕ ಇಟ್ಟುಕೊಂಡರು. ಅಟ್ಟದಲ್ಲಿ ಹತ್ತು ಮೂಟೆ ಉಳಿದಿದ್ದ ವರ್ಷ ಎರಡೂ ಕಡೆಯವರು ಕುರ್ಚಿ ಹಾಕಿ ಕಾಫಿ ತರಿಸುತ್ತಿದ್ದರು. ಅಟ್ಟ ಖಾಲಿಯಾಗಿ ಎರಡೂ ಕಡೆ ಬಾಕಿ ಉಳಿದ ವರ್ಷ ಎರಡೂ ಕಡೆ ಕಾಯಿಸುತ್ತಿದ್ದರು. ಎರಡು ಮಂಡಿ ಇದ್ದ ಮಾತ್ರಕ್ಕೆ ಬಲ ಬರುವುದಿಲ್ಲ ಎಂಬುದನ್ನು ನಾನು ಆ ಕುರ್ಚಿಗಳಿಂದ ಕಲಿತೆ.

ಅಟ್ಟದಲ್ಲಿ ಮಾಲು ಇದ್ದಾಗಿನ ಶ್ರೀಲಂಕಾ ಹೇಗಿತ್ತೆಂದು ತಿಳಿಯಲು 1952ಕ್ಕೆ ಹೋಗಬೇಕು. ಆಗ ಅದರ ಹೆಸರು ಸಿಲೋನ್. ಪ್ರಧಾನಿ ಡಡ್ಲಿ ಸೇನಾನಾಯಕೆ. ಅವರ ಪಕ್ಷ ಪಶ್ಚಿಮದ ಕಡೆ ಒಲಿದದ್ದು, ಕಮ್ಯುನಿಸ್ಟರನ್ನು ಕಂಡರೆ ಆಗದು. ತ್ರಿಂಕೋಮಲಿಯಲ್ಲಿ ಬ್ರಿಟಿಷರ ನೌಕಾನೆಲೆ ಇನ್ನೂ ಇತ್ತು. ಕೊರಿಯಾ ಯುದ್ಧದ ಮೊದಲ ಭರಾಟೆ ಇಳಿದ ಮೇಲೆ ರಬ್ಬರಿನ ದರ ಕುಸಿದಿತ್ತು, ಅಕ್ಕಿಯ ದರ ಏರಿತ್ತು. ನಮ್ಮ ಮಲೆನಾಡಿನಂತೆಯೇ ಅಲ್ಲಿಯೂ ಅಕ್ಕಿಯೆಂದರೆ ಊಟ, ಊಟವೆಂದರೆ ಅಕ್ಕಿ. ಅಮೆರಿಕದಿಂದ ಅನುಕೂಲದ ದರ ಸಿಗಲಿಲ್ಲ. ಚೀನಾ ಮಾತ್ರ ರಬ್ಬರಿಗೆ ಮಾರುಕಟ್ಟೆಗಿಂತ ಹೆಚ್ಚು ಕೊಡುತ್ತೇನೆ, ಅಕ್ಕಿಯನ್ನು ಕಡಿಮೆಗೆ ಕೊಡುತ್ತೇನೆ ಎಂದಿತು. ವ್ಯಾಪಾರ ಸಚಿವ ಆರ್. ಜಿ. ಸೇನಾನಾಯಕೆ ಪೀಕಿಂಗ್‌ಗೆ (ಇಂದಿನ ಬೀಜಿಂಗ್) ಹೋಗಿ ಡಿಸೆಂಬರಿನಲ್ಲಿ ಐದು ವರ್ಷದ ಒಪ್ಪಂದ ಮಾಡಿಕೊಂಡು ಬಂದರು: ವರ್ಷಕ್ಕೆ 2,70,000 ಟನ್ ಅಕ್ಕಿ, ಬದಲಿಗೆ 50,000 ಟನ್ ರಬ್ಬರ್.

ಚೀನಾಕ್ಕೆ ಯುದ್ಧೋಪಯೋಗಿ ಸರಕು ಮಾರಬಾರದೆಂದು ವಿಶ್ವಸಂಸ್ಥೆ 1951ರಲ್ಲಿ ನಿರ್ಬಂಧ ಹೇರಿತ್ತು, ರಬ್ಬರ್ ಅಂಥದ್ದೇ ಸರಕು. ಆದರೆ ಸೋವಿಯತ್ ಒಕ್ಕೂಟದ ವಿರೋಧದಿಂದಾಗಿ ಸಿಲೋನ್‌ಗೆ ವಿಶ್ವಸಂಸ್ಥೆಯ ಸದಸ್ಯತ್ವವೇ ಸಿಕ್ಕಿರಲಿಲ್ಲ, ಅದು ಸಿಕ್ಕಿದ್ದು 1955ರಲ್ಲಿ. ಒಂದು ಕಮ್ಯುನಿಸ್ಟ್ ದೇಶ ಬಾಗಿಲು ಹಾಕಿದ್ದರಿಂದಲೇ ಇನ್ನೊಂದು ಕಮ್ಯುನಿಸ್ಟ್ ದೇಶದೊಡನೆ ವ್ಯಾಪಾರ ಮಾಡಲು ಅಡ್ಡಿ ಇಲ್ಲವಾಯಿತು! ಅಮೆರಿಕ ಸಿಟ್ಟಾಗಿ ಕೆಲವು ವರ್ಷ ನೆರವು ಕೊಡಲಿಲ್ಲ. ಚೀನಾದೊಡನೆ ರಾಜತಾಂತ್ರಿಕ ಸಂಬಂಧ ಶುರುವಾದದ್ದು 1957ರಲ್ಲಿ, ಅಂದರೆ ರಾಯಭಾರಿಗಿಂತ ನಾಲ್ಕು ವರ್ಷ ಮೊದಲೇ ಅಕ್ಕಿ ಬಂದಿತ್ತು. ಬ್ರಿಟಿಷರು ನೌಕಾನೆಲೆ ಬಿಟ್ಟುಕೊಟ್ಟದ್ದೂ ಅದೇ ವರ್ಷ.

ಪ್ರಧಾನಿ ಸಿರಿಮಾವೊ ಬಂಡಾರನಾಯಕೆ ಅವರ ಕಾಲದಲ್ಲಿಯೂ ಈ ಗತ್ತು ಉಳಿದಿತ್ತು. 1962ರಲ್ಲಿ ಭಾರತ ಮತ್ತು ಚೀನಾ ಯುದ್ಧ ಮಾಡಿದಾಗ ಎರಡು ದೈತ್ಯರ ನಡುವೆ ರಾಜಿ ಮಾಡಿಸಲು ಅವರು ಡಿಸೆಂಬರಿನಲ್ಲಿ ಆರು ದೇಶಗಳ ಸಭೆಯನ್ನು ಕೊಲಂಬೊದಲ್ಲಿ ಕರೆದು, ಸೂತ್ರ ಹಿಡಿದುಕೊಂಡು ಪೀಕಿಂಗ್‌ಗೂ ದೆಹಲಿಗೂ ತಾವೇ ಹೋದರು. ಪಾಶ್ಚಾತ್ಯ ತೈಲ ಕಂಪನಿಗಳ ಆಸ್ತಿಯನ್ನು ವಶಪಡಿಸಿಕೊಂಡದ್ದಕ್ಕೆ 1963ರಲ್ಲಿ ಅಮೆರಿಕ ಮತ್ತೆ ನೆರವು ನಿಲ್ಲಿಸಿತು. ಅಷ್ಟರಲ್ಲಿ ಸೋವಿಯತ್ ತೈಲ ಬರತೊಡಗಿತ್ತು.

ಈ ಬಗೆಯ ಲೆಕ್ಕಾಚಾರದಲ್ಲಿ ಮನುಷ್ಯರೂ ಲೆಕ್ಕದ ಬಾಬ್ತಾಗಿಬಿಡುತ್ತಾರೆ. 1964ರಲ್ಲಿ ಲಾಲ್ ಬಹದ್ದೂರ್ ಶಾಸ್ತ್ರಿ ಮತ್ತು ಸಿರಿಮಾವೊ ಮಾಡಿಕೊಂಡ ಒಪ್ಪಂದದಲ್ಲಿ, ಅಲ್ಲಿನ ಟೀ ತೋಟಗಳಲ್ಲಿ ತಲೆಮಾರುಗಳಿಂದ ದುಡಿಯುತ್ತಿದ್ದ ತಮಿಳರಲ್ಲಿ 5,25,000 ಮಂದಿ ಭಾರತಕ್ಕೆ, 3,00,000 ಮಂದಿ ಸಿಲೋನ್‌ಗೆ ಎಂದು ಭಾಗ ಮಾಡಲಾಯಿತು, ಕೊಯ್ಲಾದ ಮೇಲೆ ಗುತ್ತಿಗೆದಾರನೂ ಒಡೆಯನೂ ಮೂಟೆ ಹಂಚಿಕೊಂಡ ಹಾಗೆ. ಹೀಗೆ ಬಂದವರಲ್ಲಿ ಕೆಲವರನ್ನು ಘಟ್ಟದ ಕೆಳಗೆ ಸುಳ್ಯ, ಪುತ್ತೂರು ಕಡೆಯ ಸರ್ಕಾರಿ ರಬ್ಬರ್ ತೋಟಗಳಲ್ಲಿ ನೆಲೆಗೊಳಿಸಿದರು. ಸುಬ್ರಹ್ಮಣ್ಯಕ್ಕೆ ಹೋಗುವಾಗ ಆ ರಬ್ಬರ್ ಮರಗಳ ಸಾಲುಗಳನ್ನು ನಾನು ಎಷ್ಟೋ ಸಲ ನೋಡಿದ್ದೇನೆ. ಹಾಲು ಇಳಿಸುವವರ ಅಜ್ಜಂದಿರು ಕ್ಯಾಂಡಿಯ ಬೆಟ್ಟಗಳಲ್ಲಿ ಟೀ ಚಿಗುರು ಕಿತ್ತವರು ಎಂದು ತಿಳಿದದ್ದು ಬಹಳ ತಡವಾಗಿ.

ಅಂತರ್ಯುದ್ಧದ ಕತೆ ಎಲ್ಲರಿಗೂ ಗೊತ್ತಿರುವಂಥದ್ದು, ಅದನ್ನು ಇಲ್ಲಿ ಬಿಡುತ್ತೇನೆ. ಒಂದು ಸಂಗತಿ ಮಾತ್ರ ಬೇಕು. 1987ರ ಜುಲೈ 29ರಂದು ರಾಜೀವ್ ಗಾಂಧಿ ಮತ್ತು ಶ್ರೀಲಂಕಾದ ಅಧ್ಯಕ್ಷ ಜಯವರ್ಧನೆ ಸಹಿ ಹಾಕಿದ ಒಪ್ಪಂದದ ಜೊತೆಗಿದ್ದ ಪತ್ರಗಳಲ್ಲಿ, ಭಾರತದ ಹಿತಕ್ಕೆ ಧಕ್ಕೆಯಾಗುವಂತೆ ತ್ರಿಂಕೋಮಲಿ ಬಂದರನ್ನು ಬೇರೆ ಯಾರ ಸೇನೆಗೂ ಕೊಡಬಾರದು ಎಂಬ ಮಾತಿತ್ತು; ಎರಡನೇ ಮಹಾಯುದ್ಧದ ಕಾಲದ ತೈಲ ಟ್ಯಾಂಕುಗಳನ್ನು ಎರಡೂ ದೇಶ ಸೇರಿ ದುರಸ್ತಿ ಮಾಡಬೇಕು ಎಂಬ ಮಾತೂ ಇತ್ತು. ಆ ಟ್ಯಾಂಕುಗಳು 99. ಅವುಗಳ ಬಗ್ಗೆ ಮುಂದೆ ಹೇಳುತ್ತೇನೆ.

ಚೀನಾಕ್ಕೆ ಬರೆದುಕೊಟ್ಟರೆಂದು ಜನ ಹೇಳುವ ಬಂದರು ಹಂಬನ್ತೋಟ. ಅದರ ಲೆಕ್ಕವನ್ನು ಸ್ವಲ್ಪ ನಿಧಾನವಾಗಿ ನೋಡಬೇಕು. ಬಂದರಿನ ಮೊದಲ ಹಂತಕ್ಕೆ ಚೀನಾದ ಎಕ್ಸಿಮ್ ಬ್ಯಾಂಕಿನಿಂದ 30.7 ಕೋಟಿ ಡಾಲರ್ ಸಾಲ ಬಂತು. 2010ರಲ್ಲಿ ಅದು ತೆರೆದರೂ ಹಡಗುಗಳು ಬರಲಿಲ್ಲ. 2017ರಲ್ಲಿ ಒಂದು ಚೀನೀ ಕಂಪನಿಗೆ 99 ವರ್ಷದ ಗುತ್ತಿಗೆಗೆ ಕೊಟ್ಟು 112 ಕೋಟಿ ಡಾಲರ್ ಪಡೆದರು. ಜನ ತಿಳಿದಂತೆ ಈ ಹಣದಿಂದ ಬಂದರಿನ ಸಾಲ ರದ್ದಾಗಲಿಲ್ಲ. ಸಾಲ ಹಾಗೆಯೇ ಉಳಿಯಿತು, ಡಾಲರುಗಳು ವಿದೇಶಿ ವಿನಿಮಯದ ಖಜಾನೆಗೆ ಹೋದವು. ಏಕೆಂದರೆ ಆಗ ಕುತ್ತಿಗೆಗೆ ಬಂದಿದ್ದದ್ದು ಚೀನಾದ ಸಾಲಕ್ಕಿಂತ ಹೆಚ್ಚಾಗಿ ಪಶ್ಚಿಮದ ಬಾಂಡ್ ಮಾರುಕಟ್ಟೆಯಲ್ಲಿ ದುಬಾರಿ ಬಡ್ಡಿಗೆ ಎತ್ತಿದ ಸಾಲ. ನಮ್ಮ ಭಾಷೆಯಲ್ಲಿ ಹೇಳುವುದಾದರೆ, ಮೂರನೆಯವನ ಬಡ್ಡಿ ಕಟ್ಟಲು ಒಂದು ತುಂಡು ತೋಟವನ್ನು ಗೇಣಿಗೆ ಹಾಕಿದಂತೆ. ಅದನ್ನು ಜಾಣತನ ಎನ್ನಲಾರೆ. ಚೀನಾ ಬಲೆ ಬೀಸಿ ಹಿಡಿಯಿತು ಎಂಬ ಮಾತಿಗೂ ಅದು ಸಾಕ್ಷಿಯಲ್ಲ.

ತೋಟಗಾರನಾಗಿ ನನ್ನನ್ನು ಹೆಚ್ಚು ಕಾಡಿದ್ದು 2021ರ ಗೊಬ್ಬರದ ಪ್ರಕರಣ. ಡಾಲರ್ ಉಳಿಸುವ ಲೆಕ್ಕವೂ ಸಾವಯವದ ಹುಮ್ಮಸ್ಸೂ ಬೆರೆತು, ಗೊಟಬಯ ರಾಜಪಕ್ಸ ಸರ್ಕಾರ ರಾಸಾಯನಿಕ ಗೊಬ್ಬರದ ಆಮದನ್ನು ಒಂದೇ ಏಟಿಗೆ ನಿಷೇಧಿಸಿತು. ನಮ್ಮಲ್ಲಿಯೂ ಸಾವಯವಕ್ಕೆ ತಿರುಗಿದವರಿದ್ದಾರೆ. ದನ ಕಟ್ಟಿ, ಸೊಪ್ಪು ಹೊತ್ತು, ಕೊಟ್ಟಿಗೆ ಗೊಬ್ಬರ ಮಾಡಿ, ನಾಲ್ಕೈದು ವರ್ಷ ಇಳುವರಿ ಕಡಿಮೆಯಾದದ್ದನ್ನು ಸಹಿಸಿದವರು. ಇಡೀ ದೇಶದ ಗದ್ದೆಗಳಿಗೆ ಅದನ್ನು ಒಂದು ಹಂಗಾಮಿನಲ್ಲಿ ಮಾಡಲು ಹೊರಟಾಗ ಸಾವಯವ ಗೊಬ್ಬರವೂ ಹಡಗಿನಲ್ಲಿಯೇ ಬರಬೇಕಾಯಿತು. ಚೀನಾದ ಕ್ವಿಂಗ್‌ಡಾವೊ ಸೀವಿನ್ ಕಂಪನಿಯ ಸರಕಿನ ಮಾದರಿಯಲ್ಲಿ ಬೆಳೆಗೆ ಹಾನಿ ಮಾಡುವ ಬ್ಯಾಕ್ಟೀರಿಯಾ ಇದೆಯೆಂದು ಶ್ರೀಲಂಕಾದ ಸಸ್ಯ ಸಂಗರೋಧ ಇಲಾಖೆ ಹೇಳಿತು, ಕಂಪನಿ ಒಪ್ಪಲಿಲ್ಲ. ಸುಮಾರು 20,000 ಟನ್ ಹೊತ್ತ ‘ಹಿಪ್ಪೊ ಸ್ಪಿರಿಟ್’ ಹಡಗು ದ್ವೀಪದ ಸುತ್ತ ಸುಳಿದಾಡುತ್ತಲೇ ಇತ್ತು. ಹಣ ತಡೆಹಿಡಿದದ್ದಕ್ಕೆ ಚೀನಾ ರಾಯಭಾರ ಕಚೇರಿ ಅಲ್ಲಿನ ಸರ್ಕಾರಿ ಬ್ಯಾಂಕನ್ನೇ ಕಪ್ಪುಪಟ್ಟಿಗೆ ಸೇರಿಸಿತು. ಕೊನೆಗೆ ಇಳಿಸಿಕೊಳ್ಳದ ಗೊಬ್ಬರಕ್ಕೆ ಎಪ್ಪತ್ತು ಲಕ್ಷ ಡಾಲರಿಗೆ ಹತ್ತಿರದ ಹಣ ಕಟ್ಟಬೇಕಾಯಿತು. 2021ರ ನವೆಂಬರಿನಲ್ಲಿ ಭಾರತ ತನ್ನ ವಾಯುಪಡೆಯ ವಿಮಾನಗಳಲ್ಲಿ 100 ಟನ್ ನ್ಯಾನೊ ಯೂರಿಯಾ ಕಳುಹಿಸಿತು. ಒಬ್ಬನೊಡನೆ ಜಗಳವಾದ ಮನೆಗೆ ಇನ್ನೊಬ್ಬ ಹಾಲಿನ ತಂಬಿಗೆ ಹಿಡಿದು ಬಂದ ಹಾಗೆ.

ಆ ವೇಳೆಗೆ ಅಟ್ಟ ಖಾಲಿಯಾಗಿತ್ತು. ತ್ರಿಂಕೋಮಲಿಯ 99 ಟ್ಯಾಂಕುಗಳ ವಿಚಾರವನ್ನು ಕೊಲಂಬೊ 1987ರಿಂದ ಮೂವತ್ತನಾಲ್ಕು ವರ್ಷ ಮುಂದಕ್ಕೆ ತಳ್ಳಿಕೊಂಡು ಬಂದಿತ್ತು. ಕಾರ್ಮಿಕ ಸಂಘಗಳ ವಿರೋಧ, ಚುನಾವಣೆ, ಇನ್ನೊಂದು ಸಮಿತಿ, ಹೀಗೆ ಪ್ರತಿ ಸಲವೂ ಒಂದು ನೆವ. 2022ರ ಜನವರಿಯಲ್ಲಿ, ಡಾಲರಿಗಾಗಿ ದೆಹಲಿಯ ಬಾಗಿಲು ತಟ್ಟುತ್ತಿದ್ದಾಗ, ಸಹಿ ಬಿತ್ತು: 61 ಟ್ಯಾಂಕುಗಳು ಜಂಟಿಯಾಗಿ, 14 ಭಾರತದ ಕಂಪನಿಯ ಬಳಿ, 24 ಶ್ರೀಲಂಕಾಕ್ಕೆ. ಭಾರತ ಆ ವರ್ಷ ಸುಮಾರು 400 ಕೋಟಿ ಡಾಲರಿನ ನೆರವು ಕೊಟ್ಟಿತು, ಅದು ದೊಡ್ಡ ಮನಸ್ಸು, ನಿಜ. ಆದರೆ ಚೀನಾ ಬಂದರು ಪಡೆದದ್ದನ್ನು ಬಲೆ ಎಂದೂ ನಾವು ಟ್ಯಾಂಕು ಪಡೆದದ್ದನ್ನು ಸ್ನೇಹ ಎಂದೂ ಕರೆಯುವಾಗ ನನಗೆ ಒಳಗೊಳಗೆ ನಗು ಬರುತ್ತದೆ. 2022ರ ಏಪ್ರಿಲ್ 12ರಂದು ಶ್ರೀಲಂಕಾ ವಿದೇಶಿ ಸಾಲದ ಕಂತು ಕಟ್ಟಲಾರೆ ಎಂದು ಘೋಷಿಸಿತು; ಜುಲೈ 9ರಂದು ಜನ ಅಧ್ಯಕ್ಷರ ಮನೆಗೆ ನುಗ್ಗಿದರು.

ಅಂಥ ಸ್ಥಿತಿಯಲ್ಲಿಯೂ ಆ ದೇಶ ನಡೆಸಿದ ಒಂದು ನಡೆಯನ್ನು ನೋಡಿ. ಚೀನಾದ ‘ಯುವಾನ್ ವಾಂಗ್ 5’ ಎಂಬ, ಉಪಗ್ರಹ ಮತ್ತು ಕ್ಷಿಪಣಿಗಳ ಜಾಡು ಹಿಡಿಯಬಲ್ಲ ಹಡಗು ಹಂಬನ್ತೋಟಕ್ಕೆ ಬರುವುದಿತ್ತು. ಭಾರತ ಆಕ್ಷೇಪಿಸಿತು. ಸ್ವಲ್ಪ ತಡೆಯಿರಿ ಎಂದು ಚೀನಾಕ್ಕೆ ಹೇಳಿ, ಆಮೇಲೆ ಒಪ್ಪಿಗೆ ಕೊಟ್ಟರು. ಆಗಸ್ಟ್ 15ರಂದು ಭಾರತ ಕೊಟ್ಟ ಡಾರ್ನಿಯರ್ ಗಸ್ತು ವಿಮಾನವನ್ನು ಸಮಾರಂಭ ಮಾಡಿ ಸ್ವೀಕರಿಸಿದರು. ಆಗಸ್ಟ್ 16ರ ಬೆಳಿಗ್ಗೆ ಚೀನಾದ ಹಡಗನ್ನು ಬಂದರಿಗೆ ಬರಮಾಡಿಕೊಂಡರು. ಎರಡೂ ಮಂಡಿಯ ಬಾಕಿಯಿರುವವನು ಇದಕ್ಕಿಂತ ಹೆಚ್ಚು ಏನು ಮಾಡಲು ಸಾಧ್ಯ?

ಸಾಲದ ಮರುಹೊಂದಾಣಿಕೆಗೆ 2023ರ ಜನವರಿಯಲ್ಲಿ ಭಾರತ ಮೊದಲು ಭರವಸೆ ಪತ್ರ ಕೊಟ್ಟ ಮೇಲೆ, ಮಾರ್ಚ್‌ನಲ್ಲಿ ಅಂತರರಾಷ್ಟ್ರೀಯ ಹಣಕಾಸು ನಿಧಿಯ (ಐಎಂಎಫ್) ಸುಮಾರು 300 ಕೋಟಿ ಡಾಲರ್ ಮಂಜೂರಾಯಿತು. 2024ರಲ್ಲಿ ಒಂದು ವರ್ಷ ಯಾವ ವಿದೇಶಿ ಸಂಶೋಧನಾ ಹಡಗಿಗೂ ಪ್ರವೇಶವಿಲ್ಲ ಎಂದರು. ಯಾವ ದೇಶದ ಹೆಸರನ್ನೂ ಎತ್ತಲಿಲ್ಲ. ಆ ಸೆಪ್ಟೆಂಬರಿನ ಅಧ್ಯಕ್ಷ ಚುನಾವಣೆಯಲ್ಲಿ ಗೆದ್ದ ಅನುರ ಕುಮಾರ ದಿಸ್ಸಾನಾಯಕೆ ಎಡಪಕ್ಷದವರು, ಅವರ ಪಕ್ಷ ಒಂದು ಕಾಲದಲ್ಲಿ ಭಾರತದ ಹೆಸರೆತ್ತಿದರೆ ಉರಿದು ಬೀಳುತ್ತಿತ್ತು. ಅವರು ಡಿಸೆಂಬರಿನಲ್ಲಿ ಮೊದಲು ದೆಹಲಿಗೆ ಬಂದರು, 2025ರ ಜನವರಿಯಲ್ಲಿ ಬೀಜಿಂಗ್‌ಗೆ ಹೋಗಿ ಹಂಬನ್ತೋಟದಲ್ಲಿ 370 ಕೋಟಿ ಡಾಲರಿನ ತೈಲ ಶುದ್ಧೀಕರಣ ಘಟಕಕ್ಕೆ ಒಪ್ಪಂದ ತಂದರು, ಏಪ್ರಿಲ್‌ನಲ್ಲಿ ಕೊಲಂಬೊಗೆ ಬಂದ ನಮ್ಮ ಪ್ರಧಾನಿಯೊಡನೆ ರಕ್ಷಣಾ ಸಹಕಾರದ ಒಪ್ಪಂದ ಮಾಡಿಕೊಂಡರು. ಕೊಲಂಬೊ ಬಂದರಿನಲ್ಲಿ ಚೀನೀ ಕಂಪನಿ ನಡೆಸುವ ಟರ್ಮಿನಲ್ ಇದೆ, ಅದಾನಿ ಸಮೂಹದ ಪಾಲಿರುವ ಪಶ್ಚಿಮ ಟರ್ಮಿನಲ್ಲೂ ಅದೇ ಏಪ್ರಿಲ್‌ನಲ್ಲಿ ಕೆಲಸ ಶುರು ಮಾಡಿತು.

ಇದನ್ನೆಲ್ಲ ನಾನು ಮೊನ್ನೆ ನಮ್ಮ ಖರೀದಿದಾರರ ಮುಂದೆ ಹೇಳಿದೆ. ಅವರು ಎಂದಿನಂತೆ ಎರಡು ಕಾಳು ಬಾಯಿಗೆ ಹಾಕಿಕೊಂಡು ಪೂರ್ತಿ ಕೇಳಿದರು. "ಹಂಗಾರೆ ಅದೀಗ ಯಾರ ಕಡೆಗೆ?" ಎಂದರು. ಮೆಣಸನ್ನು ಈ ವಾರ ಕೊಡುವುದಿಲ್ಲ, ಶಿವಮೊಗ್ಗದಲ್ಲಿ ಇನ್ನೊಬ್ಬರನ್ನು ಕೇಳಿ ನೋಡುತ್ತೇನೆ ಎಂದೆ. ಅವರು ನಕ್ಕು, ಹೋಗುವಾಗ ಕಿಲೋಗೆ ಐದು ರೂಪಾಯಿ ಹೆಚ್ಚು ಹೇಳಿ ಹೋದರು.