ಹಿಂದಿನವಳಿಗೆ ಒಂದು ಫೋನ್

ನಂದು ಲಿಂಗಸುಗೂರು ಕಡೆ ಊರು, ಬೆಳ್ಳಂದೂರಲ್ಲಿ ನಾಲ್ಕು ಮನೆ ಕಸ ಮುಸುರೆ ಮಾಡ್ತೀನಿ. 2019ರಲ್ಲಿ ಒಂದು ಮನೇಲಿ ತಿಂಗಳಿಗೆ ಎರಡು ಭಾನುವಾರ ರಜೆ ಕೇಳಿದೆ, ಅಷ್ಟೇ. ನೋಡೋಣ ಅಂದ್ರು ಮೇಡಂ. ಸೋಮವಾರ ಹೋದ್ರೆ ಗೇಟಲ್ಲೇ ಸೆಕ್ಯೂರಿಟಿ ನಿಲ್ಲಿಸಿದ, ಆ ಫ್ಲ್ಯಾಟಿಂದ ನಿನ್ನ ಹೆಸರು ತೆಗೆದಿದಾರೆ ಅಂತ. ನನ್ನ ಜಾಗಕ್ಕೆ ಒಬ್ಬ ಬಂಗಾಳಿ ಹುಡುಗಿ, 500 ಕಮ್ಮಿಗೆ.

ಸಿಟ್ಟು ಬಂತು ನೋಡ್ರಿ, ಮಧ್ಯಾಹ್ನ ಹಿಂದಿನ ಗೇಟ್ ಹತ್ರ ಕಾದು ನಿಂತು ಬಾಯಿಗೆ ಬಂದಂಗೆ ಬೈದೆ, ನಮ್ಮ ಹೊಟ್ಟೆ ಮೇಲೆ ಹೊಡಿಯಾಕ ಬಂದೀರಿ ಅಂತೆಲ್ಲ, ಅವಳಿಗೆ ಕನ್ನಡ ಬರಲ್ಲ ನನಗೆ ಹಿಂದಿ ಅರ್ಧಂಬರ್ಧ, ಅವಳು ಸುಮ್ಮನೆ ತಲೆ ಬಗ್ಗಿಸಿ ಬೆರಳು ಒರೆಸ್ಕೊಳ್ತಾ ನಿಂತಿದ್ಲು, ನೀರಲ್ಲಿ ನೆನೆದು ಸುಕ್ಕಾದ ಬೆರಳು, ನನ್ನವೂ ಹಂಗೇ. ಕೊನೆಗೆ ಅಂದ್ಲು, ದೀದಿ, ನೀವು ಊರಿಗೆ ಹೋಗ್ಬಿಟ್ರಿ ಅಂತ ಹೇಳಿದ್ರು, ನಿಮಗೂ ಇಷ್ಟೇ ಪಗಾರ ಕೊಡ್ತಿದ್ರಂತೆ.

ನಾನು ಬೈಬೇಕಿದ್ದು ಯಾರನ್ನ, ಬೈದಿದ್ದು ಯಾರನ್ನ.

ಅದಾಗಿ ಸ್ವಲ್ಪ ದಿನಕ್ಕೆ, 2020ರ ಜನವರಿಲಿ, ಇಲ್ಲೇ ಕರಿಯಮ್ಮನ ಅಗ್ರಹಾರದಲ್ಲಿ ಬಾಂಗ್ಲಾದವ್ರು ಅಂತ ಹೇಳಿ ಶೆಡ್ ಕೆಡವಿದ್ರಲ್ಲ, ಬೀದಿಗೆ ಬಿದ್ದೋರಲ್ಲಿ ನಮ್ಮ ಉತ್ತರ ಕರ್ನಾಟಕದವ್ರೂ ಇದ್ರು.

ಆಮೇಲೇ ನಾವು ಊಟಕ್ಕೆ ಒಟ್ಟಿಗೆ ಕೂರೋ ಹತ್ತು ಹನ್ನೆರಡು ಜನ, ತಮಿಳವ್ರು, ತೆಲುಗವ್ರು, ಬಂಗಾಳಿಗಳು, ನಮ್ಮ ಕಡೆಯವ್ರು, ಒಂದು ಪದ್ಧತಿ ಮಾಡ್ಕೊಂಡ್ವಿ. ಹೊಸ ಮನೆ ಹಿಡಿಯೋ ಮುಂಚೆ ಅಲ್ಲಿ ಹಿಂದೆ ಮಾಡ್ತಿದ್ದೋಳಿಗೆ ಫೋನ್ ಮಾಡೋದು, ಎಷ್ಟು ಕೊಡ್ತಿದ್ರು, ಯಾಕ್ ಬಿಟ್ಟೆ ಅಂತ. ರಜೆ ಕೇಳಿದ್ದಕ್ಕೆ ಬಿಡಿಸಿದ್ರೆ ಆ ಮನೆಗೆ ಯಾರೂ ಹೋಗಂಗಿಲ್ಲ. ಎಲ್ಲರೂ ಪಾಲಿಸ್ತಾರೆ ಅಂತಲ್ಲ, ಮಗನ ಸ್ಕೂಲ್ ಫೀಸ್ ಕಟ್ಟೋ ತಿಂಗಳು ನಾನೇ ಒಂದ್ಸಲ ತಪ್ಪಿದೀನಿ.

ಯೂನಿಯನ್ ಅಕ್ಕ ಹೇಳ್ತಾರೆ, ಮನೆಕೆಲಸಕ್ಕೆ ಕನಿಷ್ಠ ಕೂಲಿ ಅಂತ ಕರ್ನಾಟಕದಲ್ಲಿ 2004ರಲ್ಲೇ ಬಂದಿದೆ, ವಾರಕ್ಕೆ 24 ಗಂಟೆ ಬಿಡುವು ಕೊಡಬೇಕು ಅಂತ 2011 ಜೂನ್ 16ಕ್ಕೆ ಜಿನೀವಾದಲ್ಲಿ, ಎಲ್ಲಾ ದೇಶ ಸೇರೋ ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆಲಿ ಒಪ್ಪಂದ ಆಯ್ತು, ಭಾರತನೂ ಅದರ ಪರವಾಗಿ ವೋಟ್ ಹಾಕ್ತು, ಆದ್ರೆ ಇಲ್ಲಿಗೆ ಅದು ಲಾಗೂ ಆಗಂಗೆ ಇನ್ನೂ ಒಪ್ಕೊಂಡಿಲ್ಲ ಅಂತ. ಮೇಡಂ ಹತ್ರ ಹೋಗಿ ಜಿನೀವಾ ಅಂದ್ರೆ ನಗ್ತಾರೆ ಬಿಡಿ. ಬೇರೆ ಯಾರೂ ಬರಲ್ಲ ಅಂತ ಗೊತ್ತಾದ್ರೆ ಮಾತ್ರ ಕೂತು ಮಾತಾಡ್ತಾರೆ.

ಹೋದ ವರ್ಷ ಅದೇ ಮೇಡಂ ನನಗೆ ಫೋನ್ ಮಾಡಿದ್ರು, ವಾಪಸ್ ಬರ್ತೀಯಾ ಅಂತ. ಆ ಹುಡುಗಿ ಏನಾದ್ಲು ಮೇಡಂ ಅಂದೆ. ಊರಿಗೆ ಹೋಗ್ಬಿಟ್ಳು ಅಂದ್ರು.

ಅವಳು ನನ್ನ ಪಕ್ಕದಲ್ಲೇ ಕೂತು ಚಿತ್ರಾನ್ನ ತಿಂತಿದ್ಲು.