ಕನ್ನಂಬಾಡಿಯಿಂದ ಮುತ್ತತ್ತಿಗೆ, ಬಿಳಿಮೀನಿನ ಜಾಡು ಹಿಡಿದು

ಕಾವೇರಿಯ ಮೀನು ನೋಡಲು ಹೊರಡುವವರು ಬಸ್ಸಿನ ವೇಳೆಗಿಂತ ಮೊದಲು ಕೆಆರ್‌ಎಸ್ ಹೊರಹರಿವು ವಿಚಾರಿಸಿಕೊಳ್ಳಬೇಕು. ಅಣೆಕಟ್ಟೆ 124.80 ಅಡಿ ತುಂಬಿ ಗೇಟು ತೆರೆದರೆ ಕೆಳಗೆ ಬಲೆಯೂ ನಿಲ್ಲದು, ಹರಿಗೋಲೂ ಇಳಿಯದು. ಮಳೆ ನಿಂತು ನೀರು ತಿಳಿಯಾಗುವ ಡಿಸೆಂಬರ್‌ನಿಂದ ಫೆಬ್ರವರಿವರೆಗಿನ ದಿನಗಳು ವಾಸಿ.

ಮೈಸೂರಿಗೂ ಈ ಮೀನಿಗೂ ಹಳೆಯ ನಂಟಿದೆ. ಬೇಟೆಯ ಪ್ರಾಣಿಗಳ ಚರ್ಮ ಹದಮಾಡಿ ಜೀವಂತವೆಂಬಂತೆ ನಿಲ್ಲಿಸುವುದಕ್ಕೆ ಹೆಸರಾಗಿದ್ದ ಇಲ್ಲಿನ ವ್ಯಾನ್ ಇಂಗೆನ್ ಮನೆತನದವರೊಬ್ಬರು 1946ರಲ್ಲಿ ಕಬಿನಿಯಲ್ಲಿ ಗಾಳಕ್ಕೆ ಹಿಡಿದ ಬಿಳಿಮೀನು, ಅಂದರೆ ಮಹಶೀರ್, 120 ಪೌಂಡ್ ತೂಗಿತ್ತು. ಹತ್ತಿರಹತ್ತಿರ 54 ಕಿಲೋ.

ರಂಗನತಿಟ್ಟಿನಲ್ಲಿ ದೋಣಿ ಹತ್ತಿದವರ ಕಣ್ಣೆಲ್ಲ ಕೊಕ್ಕರೆಗಳ ಮೇಲೆ. ಮೊಸಳೆ, ನೀರುನಾಯಿ ಇಲ್ಲಿ ಬದುಕಿರುವುದೂ ಮೀನಿನಿಂದಲೇ. 1940ರಿಂದ ಪಕ್ಷಿಧಾಮ, 2022ರಿಂದ ರಾಮ್ಸಾರ್ ತಾಣ, ಅಂದರೆ ಅಂತರರಾಷ್ಟ್ರೀಯ ಮಹತ್ವದ ಜೌಗುನೆಲ. ಸಂಶೋಧಕರೂ ಅರಣ್ಯ ಇಲಾಖೆಯ ಅನುಮತಿಯಿಲ್ಲದೆ ಇಲ್ಲಿ ಬಲೆ ಬಿಡುವಂತಿಲ್ಲ.

ಸಂಶೋಧಕರು ನದಿಯ ಮೀನುಗಳ ಸಮೀಕ್ಷೆ ನಡೆಸುವುದನ್ನು ಕಾಣಬೇಕಾದರೆ ಬೆಳಕು ಹರಿಯುವ ಮುನ್ನ ದಡದಲ್ಲಿರಬೇಕು. ಸಂಜೆ ಕಟ್ಟಿದ ಗಿಲ್ ನೆಟ್ಟನ್ನು (ಮೀನಿನ ಕಿವಿರು ಸಿಕ್ಕಿಕೊಳ್ಳುವ ಬಲೆ) ನಸುಕಿನಲ್ಲಿ ಎತ್ತುತ್ತಾರೆ. ಒಂದೇ ಅಳತೆಯ ಕಣ್ಣಿನ ಬಲೆ ನಂಬಿದರೆ ಲೆಕ್ಕ ತಪ್ಪುತ್ತದೆ: ಸಣ್ಣದು ನುಸುಳಿ ಹೋಗುತ್ತದೆ, ದೊಡ್ಡದರ ತಲೆಯೇ ಒಳಗೆ ತೂರದು. ಅದಕ್ಕೇ ಹಲವು ಕಣ್ಣಳತೆಯ ಬಲೆಗಳನ್ನು ಸಾಲಾಗಿ ಕಟ್ಟುವುದು. ಎತ್ತುವುದು ತಡವಾದರೆ ಸಿಕ್ಕಿಬಿದ್ದ ಮೀನು ಸಾಯುತ್ತದೆ, ಇಲ್ಲವೇ ನೀರುನಾಯಿ ಅರ್ಧ ತಿಂದು, ಬಲೆಯನ್ನೂ ಹರಿದಿಟ್ಟಿರುತ್ತದೆ. ಬಂಡೆಗಳ ನಡುವೆ ಬೀಸುಬಲೆಯೇ ಗತಿ. ಅದೂ ಕಲ್ಲಿಗೆ ಸಿಕ್ಕಿಕೊಂಡರೆ ಬಿಡಿಸಲು ನೀರಿಗಿಳಿಯಬೇಕು.

ಅಳೆಯುವ ಮುನ್ನ ಮೀನಿಗೆ ಲವಂಗದೆಣ್ಣೆಯ ಮಂಪರು. ಎಣ್ಣೆಯನ್ನು ನೇರವಾಗಿ ಬಕೆಟ್ಟಿಗೆ ಸುರಿದರೆ ಮೇಲೆ ತೇಲುತ್ತದೆ, ಮೀನಿಗೆ ತಟ್ಟುವುದಿಲ್ಲ. ಒಂದು ಪಾಲು ಎಣ್ಣೆಗೆ ಒಂಬತ್ತು ಪಾಲು ಎಥನಾಲ್ ಬೆರೆಸಿಟ್ಟುಕೊಂಡು, 10 ಲೀಟರ್ ನೀರಿಗೆ ಅದರಲ್ಲಿ ಸುಮಾರು 4 ಮಿಲಿಲೀಟರ್ ಹಾಕಿ ಕಲಕುತ್ತಾರೆ. ಮೀನು ವಾಲಿದೊಡನೆ ಹೊರತೆಗೆದು ಉದ್ದ, ತೂಕ, ಮೈಯ ಪಕ್ಕದಲ್ಲಿ ಉದ್ದಕ್ಕೂ ಸಾಗುವ ಗೆರೆಯ ಹುರುಪೆಗಳ ಎಣಿಕೆ. ಹಲಗೆ ಒದ್ದೆಯಿರಬೇಕು, ಒಣ ಕೈಯಲ್ಲಿ ಹಿಡಿದರೆ ಮೈಮೇಲಿನ ಲೋಳೆ ಕಿತ್ತುಬಂದು ಆಮೇಲೆ ಬೂಷ್ಟು ಹತ್ತುತ್ತದೆ. ಡಿಎನ್‌ಎಗೆ ರೆಕ್ಕೆಯ ಚೂರೊಂದು ಸಾಕು, 95 ಶೇಕಡಾ ಎಥನಾಲ್‌ನಲ್ಲಿ. ಅದನ್ನು ಫಾರ್ಮಲಿನ್‌ಗೆ ಹಾಕಿದರೆ ಡಿಎನ್‌ಎ ಕೆಟ್ಟು ಇಡೀ ಬೆಳಗಿನ ದುಡಿಮೆ ನೀರುಪಾಲು.

ಶ್ರೀರಂಗಪಟ್ಟಣದ ಸಂಗಮದ ಆಸುಪಾಸಿನಲ್ಲಿ ಮಾರಾಟಕ್ಕಿಟ್ಟ ಮೀನಿನ ಬುಟ್ಟಿ ಕಂಡರೆ ಇಣುಕಿ ನೋಡಿ. ಜಿಲೇಬಿ ಮೀನು ಎಷ್ಟಿದೆ ಎಂಬುದೇ ನದಿಯ ಒಂದು ವರದಿ. ಆಫ್ರಿಕಾ ಮೂಲದ ಈ ತಿಲಾಪಿಯಾ ಮರಿಗಳನ್ನು ಬಾಯಲ್ಲಿಟ್ಟು ಕಾಯುತ್ತದೆ. ನೀರು ಏರಿಳಿದರೂ ಅದರ ಸಂಸಾರ ನಡೆಯುತ್ತದೆ. ಕಲ್ಲುಹರಳಿನ ನಡುವೆ ಮೊಟ್ಟೆಯಿಟ್ಟು ಹೋಗುವ ಬಿಳಿಮೀನಿಗೆ ಆ ಸೌಲಭ್ಯವಿಲ್ಲ.

ಮಳವಳ್ಳಿ ದಾರಿಯಲ್ಲಿ ಶಿವನಸಮುದ್ರ. ಗಗನಚುಕ್ಕಿಯನ್ನು ಮೀನು ಹತ್ತಲಾರದು, ಹಾಗಾಗಿ ಜಲಪಾತದ ಮೇಲಿನ ಮೀನುಗಳ ಪಟ್ಟಿಯನ್ನೂ ಕೆಳಗಿನದನ್ನೂ ಬೇರೆಬೇರೆಯಾಗಿಯೇ ಬರೆಯಬೇಕು. ಅಲ್ಲಿಂದ ಹಲಗೂರಿಗೆ ಬಂದು ಕಾಡಿನ ರಸ್ತೆ ಹಿಡಿದರೆ ಮುತ್ತತ್ತಿ, ಭೀಮೇಶ್ವರಿ. ಹಿಡಿದು ಬಿಡುವ ಗಾಳದ ಶಿಬಿರಗಳು ಇದ್ದದ್ದು ಈ ಭಾಗದಲ್ಲೇ. ಶಿಬಿರದವರು ಬರೆದಿಟ್ಟ ಪುಸ್ತಕಗಳೇ ಬ್ರಿಟನ್ನಿನ ಮೀನು ವಿಜ್ಞಾನಿ ಏಡ್ರಿಯನ್ ಪಿಂಡರ್ ಮತ್ತು ಜೊತೆಗಾರರಿಗೆ ದತ್ತಾಂಶವಾದವು. ಎಷ್ಟು ಹೊತ್ತು ಗಾಳ ಹಾಕಿದ್ದಕ್ಕೆ ಯಾವ ಮೀನು, ಎಷ್ಟು ತೂಕ ಎಂಬ ವರ್ಷಗಟ್ಟಲೆಯ ಲೆಕ್ಕ ಬೇರೆ ಯಾರ ಬಳಿಯೂ ಇರಲಿಲ್ಲ. ಕೇಸರಿ ರೆಕ್ಕೆಯ ಡುಬ್ಬದ ಬಿಳಿಮೀನು ಕುಸಿಯುತ್ತ ಬಂದು, ನೀಲಿ ರೆಕ್ಕೆಯದು ತುಂಬಿಕೊಂಡದ್ದು 2015ರ ಅವರ ಬರಹದಲ್ಲಿ ಅಂಕಿಗಳಾಗಿ ಬಂತು. ನೀಲಿಯದು 1970ರ ದಶಕದಿಂದ ಲೋನಾವಳಾದ ಮರಿಕೇಂದ್ರದ ಸಂತತಿಯನ್ನು ತಂದು ಬಿಟ್ಟದ್ದು. ಮೀನುಮರಿ ಬಿತ್ತನೆ ಅಂದರೆಲ್ಲ ಸಂರಕ್ಷಣೆ ಎಂದು ನಂಬಿದ್ದರ ಫಲ!

ವಿಚಿತ್ರವೆಂದರೆ ಅಷ್ಟು ಪ್ರಸಿದ್ಧವಾದ ಕೇಸರಿ ರೆಕ್ಕೆಯ ಮೀನಿಗೆ 2018ರವರೆಗೆ ಖಚಿತ ವೈಜ್ಞಾನಿಕ ಹೆಸರೇ ಇರಲಿಲ್ಲ. ಕೇರಳದ ಪಾಂಬಾರ್ ನದಿಯಿಂದ ಮೊದಲೇ ವರ್ಣಿಸಲಾಗಿದ್ದ ಟಾರ್ ರೆಮಾದೇವಿಯೇ ಇದು ಎಂದು ಆಗ ಗೊತ್ತಾಯಿತು. ಜೀವಿಗಳ ಅಳಿವಿನ ಅಪಾಯ ಅಳೆಯುವ ಅಂತರರಾಷ್ಟ್ರೀಯ ಸಂಸ್ಥೆ ಐಯುಸಿಎನ್‌ನ ಪಟ್ಟಿಯಲ್ಲಿ ಅದೀಗ ಅಳಿವಿನ ತೀರಾ ಅಂಚಿನಲ್ಲಿರುವ ಜಾತಿ.

ಈ ಹರವಿನ ಬಹುಭಾಗ ವನ್ಯಜೀವಿಧಾಮ, ಗಾಳ ನಿಷಿದ್ಧ. ಮುತ್ತತ್ತಿಯ ಸುಳಿಗಳು ಜೀವ ತೆಗೆದಿವೆ, ಈಜಲು ಇಳಿಯಬೇಡಿ. ದಡದಲ್ಲಿ ಸತ್ತ ಬಿಳಿಮೀನು ಕಂಡರೆ ರೆಕ್ಕೆ ಬಿಡಿಸಿ, ಪಕ್ಕದಲ್ಲಿ ಅಳತೆಪಟ್ಟಿ ಇಟ್ಟು, ಮಗ್ಗುಲಿನಿಂದ ಫೋಟೋ ತೆಗೆದು ಅರಣ್ಯ ಸಿಬ್ಬಂದಿಗೆ ಕೊಡಿ. ಬಣ್ಣ ಬೇಗ ಮಾಸುತ್ತದೆ, ಫೋಟೋ ಮೊದಲು, ಮಾತು ಆಮೇಲೆ.