ಒಂಬತ್ತನೇ ಮಾತ್ರೆಯಲ್ಲಿ ನಿಂತ ಲೋಕಲ್

ಕಳೆದ ಮಳೆಗಾಲದ ಒಂದು ಬುಧವಾರ. ಮುಂಬೈನಲ್ಲಿ ಆಫೀಸು ಮುಗಿಸಿ ಲೋಕಲ್ ರೈಲಿನಲ್ಲಿ ಡೊಂಬಿವಲಿಯ ಮನೆಗೆ ಹೊರಟಿದ್ದೆ. ಸಾಯನ್ ದಾಟಿದ ಮೇಲೆ ಲೋಕಲ್ ನಿಂತುಬಿಟ್ಟಿತು. ಕುರ್ಲಾ ಹತ್ತಿರ ಹಳಿ ಮೇಲೆ ನೀರು. ಜೋರು ಮಳೆ ಬಂದರೆ ಅಲ್ಲಿ ಇದು ಮಾಮೂಲು. ಪುಣ್ಯಕ್ಕೆ ಸೀಟು ಸಿಕ್ಕಿತ್ತು. ಎದುರಿಗಿದ್ದ ಹೆಂಗಸು ಚೀಲದಿಂದ ಮೆಂತ್ಯ ಸೊಪ್ಪು ತೆಗೆದು ಬಿಡಿಸೋಕೆ ಕೂತರು. ನಾನು ಸುಮ್ನೆ ಕೂರೋ ಬದಲು ತಬಲಾದ ಕಾಯದಾ, ಅಂದರೆ ಅಭ್ಯಾಸದ ಪಾಠ, ಬಾಯಲ್ಲಿ ಹೇಳಿಕೊಳ್ಳೋಣ ಅಂದುಕೊಂಡೆ.

ತಬಲಾ ಕಲಿಯೋಕೆ ಶುರು ಮಾಡಿ ಆಗ ಎಂಟು ತಿಂಗಳು. ಪಾಠ ಭಾನುವಾರ ಮಾತ್ರ. ಉಳಿದ ದಿನ ರಾತ್ರಿ ಅರ್ಧ ಗಂಟೆ ನಾನೇ ಕೂರುತ್ತಿದ್ದೆ. ಬಾರಿಸುತ್ತಿದ್ದುದು ದೆಹಲಿ ಘರಾನೆಯ (ಪರಂಪರೆಯ) ಕಾಯದಾ:

ಧಾ ಧಾ ತಿ ಟ ಧಾ ಧಾ ತೀ ನಾ
ತಾ ತಾ ತಿ ಟ ಧಾ ಧಾ ಧೀ ನಾ

ಮೊದಲಿಂದ ಶುರು, ನಡುವೆ ಮುಗ್ಗರಿಸಿದರೆ ಮತ್ತೆ ಮೊದಲಿಂದ. ಹೀಗೆ ಮಾಡಿ ಮಾಡಿ ಮೊದಲ ಸಾಲು ಸಲೀಸಾಗಿತ್ತು. ಎರಡನೇ ಸಾಲಿನ ಬಾಗಿಲಲ್ಲೇ ಎಡವುತ್ತಿದ್ದೆ. ನಮ್ಮ ಗುರುಗಳು ಧಾರವಾಡದ ಕಡೆಯವರು. "ತಪ್ಪೋ ಜಾಗಾ ಬಿಟ್ಟು ಉಳಿದದ್ದೆಲ್ಲಾ ಬಾರಿಸ್ತೀರಿ ನೀವು. ಅಲ್ಲೇ ಕೂಡ್ರಿ" ಅಂದಿದ್ದರು. ಬೆರಳಿಗೆ ಶಕ್ತಿ ಸಾಲದು ಅಂತ ನಾನು ಇನ್ನೂ ಜಾಸ್ತಿ ಹೊತ್ತು ಬಾರಿಸಿದ್ದೆ.

ಲೋಕಲಿನಲ್ಲಿ ಕೈಯಲ್ಲಿ ತೀನ್‌ತಾಲ್ ತಾಳ ಹಾಕುತ್ತಾ ಬೋಲ್ (ತಬಲಾದ ಅಕ್ಷರ) ಹೇಳಿದೆ. 16 ಮಾತ್ರೆ, ಅಂದರೆ ಎಣಿಕೆ. 1, 5, 13ಕ್ಕೆ ಚಪ್ಪಾಳೆ, 9ಕ್ಕೆ ಖಾಲಿ, ಅಂದರೆ ಚಪ್ಪಾಳೆ ಇಲ್ಲ. ಒಂಬತ್ತಕ್ಕೆ ಅಂಗೈ ಮೇಲಕ್ಕೆ ತಿರುಗಿಸಿದೆ. ಬಾಯಿ ಮಾತ್ರ ‘ಧಾ’ ಅಂದುಬಿಟ್ಟಿತು! ಇನ್ನೊಮ್ಮೆ ಹೇಳಿದೆ. ಮತ್ತೂ ‘ಧಾ’.

‘ಧಾ’ಗೆ ಎರಡೂ ಕೈ ಬೇಕು. ‘ತಾ’ ಬಲಗೈಯದ್ದು ಮಾತ್ರ, ಅಲ್ಲಿ ಡಗ್ಗ (ಎಡಗೈಯ ದೊಡ್ಡ ವಾದ್ಯ) ಗುಂಯ್ ಅನ್ನಬಾರದು. ಎಡಗೈ ಎಲ್ಲಿ ಸುಮ್ಮನಿರಬೇಕು ಅನ್ನೋದೇ ನನ್ನ ತಲೆಯಲ್ಲಿ ಕೂತಿರಲಿಲ್ಲ. ಪಾಪ, ಬೆರಳನ್ನು ಅಷ್ಟು ದಿನ ಸುಮ್ನೆ ದಂಡಿಸಿದ್ದೆ.

ಅಲ್ಲಿಂದ ಇಡೀ ಕಾಯದಾ ಬಿಟ್ಟೆ. ‘ತೀ ನಾ ತಾ ತಾ’, ಇಷ್ಟೇ. ನಿಧಾನಕ್ಕೆ, ಖಾಲಿ ತೋರಿಸುತ್ತಾ, ಮತ್ತೆ ಮತ್ತೆ. "ತಬಲಾ ಕಾ?" ಅಂತ ಕೇಳಿದರು ಎದುರಿನವರು. ಹೌದೆಂದು ತಲೆಯಾಡಿಸಿದೆ. ನಕ್ಕು ಸೊಪ್ಪು ಬಿಡಿಸುತ್ತಲೇ ಇದ್ದರು. ಗಾಡಿ ಹೊರಟಾಗ ಮುಕ್ಕಾಲು ಗಂಟೆ ಆಗಿತ್ತು.

ಮನೆ ಮುಟ್ಟಿದಾಗ ರಾತ್ರಿ ಹತ್ತು. ಜೋರಾಗಿ ಬಾರಿಸುವಂತಿಲ್ಲ. ಮೊಬೈಲಿನಲ್ಲಿ ನಿಮಿಷಕ್ಕೆ 60ರ ಲಯ ಇಟ್ಟು, ಎಡಗೈ ಮೊಣಕಾಲ ಮೇಲಿಟ್ಟು, ಬಲಗೈಯಲ್ಲಿ ಆ ನಾಲ್ಕು ಬೋಲ್ ಮಾತ್ರ ಮೆಲ್ಲಗೆ. ಆಮೇಲೆ ಹಿಂದಿನ ‘ಧಾ ಧಾ’ ಸೇರಿಸಿ ಎಡಗೈಯನ್ನೂ ತಂದೆ. ‘ಧಾ ಧಾ’ ಆದ ಕೂಡಲೇ ಅದನ್ನು ಡಗ್ಗದಿಂದ ಎತ್ತಿ ಹಿಡಿದೆ. ಸತತವಾಗಿ ಐದು ಸಲ ಸರಿ ಬಂತು. ನಿಲ್ಲಿಸಿ ಮಲಗಿದೆ. ಹದಿನೈದು ನಿಮಿಷವೂ ಆಗಿರಲಿಲ್ಲ. ಗುರುವಾರ ಬೆಳಗ್ಗೆ ಮತ್ತೆ ತಪ್ಪಿತು. ಆದರೆ ಎರಡೇ ಪ್ರಯತ್ನಕ್ಕೆ ಹಿಡಿತಕ್ಕೆ ಬಂತು.

ಭಾನುವಾರ ಗುರುಗಳು ಕಣ್ಣು ಮುಚ್ಚಿ ಕೇಳಿದರು. ಖಾಲಿ ಬಂತು, ಡಗ್ಗ ಸುಮ್ಮನಿತ್ತು. "ಹಾಂ. ಈಗ ದುಗುನ್ ತಗೋರಿ" ಅಂದರು. ವೇಗ ದುಪ್ಪಟ್ಟಾದದ್ದೇ, ಹದಿಮೂರಕ್ಕೆ ವಾಪಸ್ ಬರಬೇಕಾದ ಎಡಗೈ ತಡವಾಯಿತು. ಪುಸ್ತಕದಲ್ಲಿ ಆ ‘ಧಾ’ ಸುತ್ತ ಪೆನ್ಸಿಲಿನಲ್ಲಿ ಒಂದು ಸೊನ್ನೆ ಬರೆದುಕೊಂಡೆ.